ಅರವತ್ತು ವರ್ಷದ ಮಗಳು

ಊದ್ ಮೇಥಾ, ದುಬೈ
ಫೆಬ್ರುವರಿ 18, 2024

ಪ್ರೀತಿಯ ಡೆಲ್ಫಿ,

ಹರಿದು ಹಾಕುವ ಮೊದಲು ಒಮ್ಮೆ ಓದು. ಇದು ನನ್ನ ವಿಷಯ ಅಲ್ಲ. ಫೋನ್ ನೀನು ಎತ್ತುವುದಿಲ್ಲ. ಎತ್ತಿದರೂ ಎರಡನೇ ಮಾತಿಗೆ ನಮ್ಮಿಬ್ಬರಿಗೆ ಜಗಳ. ಕಾಗದದಲ್ಲಾದರೆ ಒಬ್ಬರು ಹೇಳಿ ಮುಗಿಸುವ ತನಕ ಇನ್ನೊಬ್ಬರು ಸುಮ್ಮನಿರಬೇಕಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ಹೋದ ವರ್ಷದಿಂದ ನಾನು ಮಿರ್ದಿಫ್‌ನ ಒಂದು ಮನೆಯಲ್ಲಿ ಹೋಮ್ ನರ್ಸ್. ನೋಡಿಕೊಳ್ಳುವುದು ಒಬ್ಬ ಐರಿಶ್ ಹೆಂಗಸನ್ನು. ನೂಲಾ ಅಂತ ಹೆಸರು, ಎಪ್ಪತ್ತೆಂಟು ವರ್ಷ. ಕಣ್ಣು ಮಂಜಾಗಿದೆ, ಅಕ್ಷರ ಕಾಣುವುದಿಲ್ಲ. ಉಳಿದಂತೆ ಗಟ್ಟಿ. ಮಗ ಡೆಕ್ಲನ್ ಇಲ್ಲಿ ಎಂಜಿನಿಯರ್. ಗಂಡ ತೀರಿಕೊಂಡ ಮೇಲೆ ಇವರನ್ನು ಇಲ್ಲಿಗೆ ಕರೆಸಿಕೊಂಡಿದ್ದಾನೆ.

ಭಾನುವಾರ ನಾನು ಪೂಜೆಗೆ ಬರುವಾಗ ಅವರೂ ಟ್ಯಾಕ್ಸಿ ಹತ್ತುತ್ತಾರೆ. ಆದರೆ ಇಗರ್ಜಿಯ ಒಳಗೆ ಕಾಲಿಡುವುದಿಲ್ಲ, ಹೊರಗೆ ಬೆಂಚಿನಲ್ಲಿ ಕೂತಿರುತ್ತಾರೆ. ಇವತ್ತು ಹೊರಗೆ ಬಂದಾಗ ಅವರ ಪಕ್ಕದಲ್ಲಿ ಬ್ಯಾಪ್ಟಿಸಮ್ಮಿಗೆ ಬಂದ ಕುಟುಂಬವೊಂದು ಮಗುವನ್ನು ಹಿಡಿದುಕೊಂಡು ಫೋಟೋ ತೆಗೆಸಿಕೊಳ್ಳುತ್ತಿತ್ತು. ಮಗು ಅಳುತ್ತಿತ್ತು. ನೂಲಾ ಮ್ಯಾಡಂ ನನ್ನ ಕೈ ಹಿಡಿದು, "ಫೆಲ್ಸಿ, ನನಗೊಬ್ಬಳು ಮಗಳಿದ್ದಾಳೆ. ಬರುವ ಏಪ್ರಿಲ್‌ಗೆ ಅವಳಿಗೆ ಅರವತ್ತು" ಅಂದರು.

ಹದಿನೆಂಟು ವರ್ಷಕ್ಕೆ ಬಸಿರಾದರಂತೆ, ಮದುವೆ ಆಗಿರಲಿಲ್ಲ. ಮನೆಯವರು ರಾತ್ರೋರಾತ್ರಿ ಅಂಥ ಹುಡುಗಿಯರಿಗೆಂದೇ ಇದ್ದ ಕನ್ಯಾಸ್ತ್ರೀಯರ ಆಶ್ರಮಕ್ಕೆ ಸೇರಿಸಿದರು. ಅಲ್ಲಿಯೇ ಹೆರಿಗೆ. ಮಗಳಿಗೆ ಬ್ರೀಡ್ ಅಂತ ಹೆಸರಿಟ್ಟರು. ಎಂಟು ತಿಂಗಳು ಹಾಲು ಕೊಟ್ಟು ಬೆಳೆಸಿದರು, ಜೊತೆಗೆ ಅಲ್ಲಿನ ನೆಲ ಒರೆಸುವ ಕೆಲಸ. ಡಿಸೆಂಬರಿನ ಒಂದು ಬೆಳಿಗ್ಗೆ ಮಗುವಿಗೆ ಒಳ್ಳೆಯ ಬಟ್ಟೆ ಹಾಕು ಅಂದರಂತೆ. ಕಿಟಕಿಯಲ್ಲಿ ನೋಡುವಾಗ ಕಾರು ಗೇಟು ದಾಟುತ್ತಿತ್ತು. ಅದಕ್ಕೆ ಮುಂಚೆ ಯಾವುದೋ ಕಾಗದಕ್ಕೆ ಸಹಿ ಹಾಕಿಸಿಕೊಂಡಿದ್ದರು, ಓದಲು ಬಿಟ್ಟಿರಲಿಲ್ಲ.

ನಮ್ಮ ಸಿಸ್ಟರ್‌ಗಳ ಕೈಕೆಳಗೆ ಕಲಿತು ಬೆಳೆದವಳು ನಾನು. ಮೊದಲು ನಂಬಲಿಕ್ಕೇ ಆಗಲಿಲ್ಲ. "ಮೂರು ವರ್ಷದ ಹಿಂದೆ ನಮ್ಮ ಸರಕಾರವೇ ಪಾರ್ಲಿಮೆಂಟಿನಲ್ಲಿ ನಿಂತು ಕ್ಷಮೆ ಕೇಳಿತು. ಟಿವಿಯಲ್ಲಿ ಕೇಳಿದೆ. ಪಕ್ಕದಲ್ಲಿ ಗಂಡ ಇದ್ದ, ಅವನಿಗೂ ಗೊತ್ತಿರಲಿಲ್ಲ. ಎದ್ದು ಹೋಗಿ ಪಾತ್ರೆ ತೊಳೆದೆ" ಅಂದರು. ಡೆಕ್ಲನ್‌ಗೂ ಗೊತ್ತಿಲ್ಲ.

ಆ ಮಗಳನ್ನು ಹುಡುಕಬೇಕಂತೆ. ನೀನು ಐರ್ಲೆಂಡಿನಲ್ಲೇ, ಗಾಲ್ವೆಯಲ್ಲಿದ್ದೀ. ಯಾವ ಆಫೀಸಿನಲ್ಲಿ ಕೇಳಬೇಕು, ಯಾವ ಫಾರ್ಮ್ ತುಂಬಬೇಕು ಅಂತ ವಿಚಾರಿಸಿ ಬರಿ. ಉತ್ತರವನ್ನು ನೈಫ್‌ನಲ್ಲಿ ನನ್ನ ಗೆಳತಿ ಮುನೀರಾಳ ಗಂಡನ ಅಂಗಡಿಯ ಪಿ.ಒ. ಬಾಕ್ಸಿಗೆ ಕಳಿಸು. ಅವಳು ನನಗೆ ತಂದುಕೊಡುತ್ತಾಳೆ.

ಚಳಿಗೆ ಕಿವಿ ಮುಚ್ಚಿಕೋ.

ನಿನ್ನ ಮಮ್ಮಿ,
ಫೆಲ್ಸಿ


ಗಾಲ್ವೆ
ಮಾರ್ಚ್ 12, 2024

ಮಮ್ಮಿ,

ಕಾಗದ ಸಿಕ್ಕಿತು. ಇದನ್ನು ನಾನು ಆ ಹೆಂಗಸಿಗಾಗಿ ಮಾಡುತ್ತಿದ್ದೇನೆ. ನಿನಗಾಗಿ ಅಂತ ತಿಳಿಯಬೇಡ.

2022ರಲ್ಲಿ ಇಲ್ಲೊಂದು ಹೊಸ ಕಾನೂನು ಬಂದಿದೆ. ದತ್ತು ಹೋದವರಿಗೆ ತಮ್ಮ ಜನನದ ದಾಖಲೆ ನೋಡುವ ಹಕ್ಕು ಈಗ ಉಂಟು. ತಾಯಿಯೂ ತನ್ನ ಹೆಸರನ್ನು ಒಂದು ರಿಜಿಸ್ಟರಿನಲ್ಲಿ ಬರೆಸಬಹುದು. ಮಗಳ ಹೆಸರೂ ಅದರಲ್ಲಿದ್ದರೆ ಇಬ್ಬರಿಗೂ ತಿಳಿಸುತ್ತಾರೆ. ಇಲ್ಲದಿದ್ದರೆ ಹುಡುಕಿಕೊಡಿ ಅಂತ ಅರ್ಜಿ ಹಾಕಬೇಕು, ಅದಕ್ಕೆ ತಿಂಗಳುಗಟ್ಟಲೆ ಹಿಡಿಯುತ್ತದೆ. ಫಾರ್ಮ್ ಇದರ ಜೊತೆಗಿದೆ. ಪಾಸ್‌ಪೋರ್ಟ್ ಪ್ರತಿ ಬೇಕು. ಸಹಿ ಅವರೇ ಹಾಕಬೇಕು. ಓದಿ ಹೇಳು, ಪೂರ್ತಿ ಓದು, ಆಮೇಲೆ ಹಾಕಿಸು.

ನಾನು ಕೆಲಸ ಮಾಡುವ ವೃದ್ಧರ ಮನೆಯಲ್ಲಿ ಇಂಥ ಇಬ್ಬರು ಅಜ್ಜಿಯರು ಇದ್ದರು. ಒಬ್ಬರು ಹೋದ ವರ್ಷ ತೀರಿಕೊಂಡರು, ಕೊನೆಗೂ ಯಾರಿಗೂ ಹೇಳಲಿಲ್ಲ. ಬಿಸಿ ಟವೆಲಿನಿಂದ ಬೆನ್ನು ಒರೆಸುವಾಗ ನನ್ನ ಹತ್ತಿರ ಮಾತ್ರ ಹೇಳಿದ್ದರು, ನಾನು ಪರದೇಶದವಳೆಂದು. ಹನ್ನೆರಡು ವರ್ಷದ ಹಿಂದೆ ಆಸ್ಪತ್ರೆಯವರು ಗರ್ಭಪಾತ ಮಾಡಲು ಒಪ್ಪದೆ ನಮ್ಮ ಬೆಳಗಾವಿಯ ಹೆಣ್ಣುಮಗಳು ಬಸಿರಿನಲ್ಲೇ ತೀರಿಕೊಂಡಳು ಅಂತ ಪೇಪರಿನಲ್ಲಿ ಬಂದಿತ್ತಲ್ಲ, ಅದೂ ಇದೇ ಊರು. ಅದಾಗಿ ಆರು ವರ್ಷಕ್ಕೆ ಇಲ್ಲಿನ ಜನ ಓಟು ಹಾಕಿ ಸಂವಿಧಾನವನ್ನೇ ತಿದ್ದಿದರು. ಇವರು ಬಾಯಿ ಬಿಡಲು ತುಂಬ ಕಾಲ ತೆಗೆದುಕೊಂಡರು. ಬಿಟ್ಟ ಮೇಲೆ ನಿಲ್ಲಿಸಲಿಲ್ಲ.

ದಾಖಲೆ ಮುಚ್ಚಿಟ್ಟವರೆಲ್ಲ ಒಂದೇ ಮಾತು ಹೇಳುತ್ತಿದ್ದರಂತೆ: ಅವರ ಒಳ್ಳೆಯದಕ್ಕೇ. ಆ ಮಾತು ನಿನಗೆ ಚೆನ್ನಾಗಿ ಗೊತ್ತು. ಪಪ್ಪಾ ಹನ್ನೊಂದು ದಿನ ದುಬೈ ಆಸ್ಪತ್ರೆಯಲ್ಲಿದ್ದರು. ನನಗೆ ಡಬ್ಲಿನ್‌ನಲ್ಲಿ ನರ್ಸಿಂಗ್ ಪರೀಕ್ಷೆ ಇತ್ತು ಅಂತ ನೀನು ಹೇಳಲಿಲ್ಲ. ಊರಿಗೆ, ಕಿನ್ನಿಗೋಳಿಗೆ ನಾನು ಬಂದಾಗ ಶವಪೆಟ್ಟಿಗೆ ತೆರೆದಿಟ್ಟದ್ದು ಒಂದು ಗಂಟೆ.

ಫಾರ್ಮ್ ತುಂಬಿಸಿ ಕಳಿಸು.

ಡೆಲ್ಫಿನ್


ದುಬೈ
ಏಪ್ರಿಲ್ 9, 2024

ಪ್ರೀತಿಯ ಡೆಲ್ಫಿ,

ಇವತ್ತು ನೂಲಾ ಮ್ಯಾಡಂ ಅವರ ಮಗಳ ಹುಟ್ಟಿದ ದಿನ. ಫಾರ್ಮಿಗೆ ಇವತ್ತೇ ಸಹಿ ಹಾಕುತ್ತೇನೆ ಅಂತ ಹಠ ಹಿಡಿದು ಎರಡು ವಾರ ಕಾದರು.

ಪಾಸ್‌ಪೋರ್ಟ್ ಡೆಕ್ಲನ್‌ನ ಕಪಾಟಿನಲ್ಲಿತ್ತು. ನಾನು ಹೆದರಿ, "ಅವರು ಇಲ್ಲದಾಗ ತೆಗೆದು ಪ್ರತಿ ಮಾಡಿಸಿ ಇಟ್ಟುಬಿಡಲಾ?" ಅಂತ ಕೇಳಿದೆ. ಮ್ಯಾಡಂಗೆ ಸಿಟ್ಟು ಬಂತು. "ಕದಿಯುವುದೆಂದರೇನು? ಅದು ನನ್ನದು." ಬೆಳಿಗ್ಗೆ ತಿಂಡಿಯ ಹೊತ್ತಿಗೆ ಮಗನಿಗೆ, "ನನ್ನ ಪಾಸ್‌ಪೋರ್ಟ್ ಇನ್ನು ನನ್ನ ಡ್ರಾಯರಿನಲ್ಲಿ ಇರಲಿ" ಅಂದರು. ಯಾಕೆ ಅಂತ ಅವನು ಕೇಳಿದ. "ನನಗೆ ಬೇಕು" ಅಂದರು, ಅಷ್ಟೇ. ಅವನು ತಂದುಕೊಟ್ಟು ಆಫೀಸಿಗೆ ಹೋದ.

ನಾನು ಫಾರ್ಮ್ ಓದಿ ಹೇಳಿದೆ. ನೀನು ಹೇಳಿದ ಹಾಗೆ ಒಂದು ಸಾಲೂ ಬಿಡದೆ ಎರಡು ಸಲ. ಸಹಿ ಹಾಕುವ ಕಡೆ ಕಾಗದದ ಅಂಚು ಇಟ್ಟು ಗೆರೆ ತೋರಿಸಿದೆ. ಬರೆದು ಮುಗಿಸಿ, "ಈ ಸಲ ಏನಕ್ಕೆ ಸಹಿ ಹಾಕಿದೆ ಅಂತ ಗೊತ್ತು" ಅಂದರು. ಮಗುವಿನ ಗುರುತು ಅಂತ ಇದ್ದಲ್ಲಿ ಬರೆಸಿದ್ದು: ಎಡಗಿವಿಯ ಹಿಂದೆ ಕೆಂಪು ಮಚ್ಚೆ, ಹಾಲು ಕುಡಿಯುವಾಗ ಬಲಗಾಲು ಅಲ್ಲಾಡಿಸುತ್ತಾಳೆ. ಅದು ಬೇಡವೇನೋ ಅಂದೆ. ಬರಿ ಅಂದರು.

ನಿನ್ನ ಕಾಗದದ ಕೊನೆಯ ಭಾಗ ಓದಿದೆ. ಅದಕ್ಕೆ ಈಗ ಉತ್ತರ ಬರೆಯಲು ನನಗೆ ಆಗುವುದಿಲ್ಲ.

ನಿನ್ನ ಮಮ್ಮಿ


ಗಾಲ್ವೆ
ಜೂನ್ 3, 2024

ಮಮ್ಮಿ,

ರಿಜಿಸ್ಟರಿನಲ್ಲಿ ಮಗಳ ಹೆಸರು ಸಿಗಲಿಲ್ಲ. ಹುಡುಕುವ ಅರ್ಜಿಯನ್ನು ತೆಗೆದುಕೊಂಡಿದ್ದಾರೆ. ಇದನ್ನೇ ನೋಡಿಕೊಳ್ಳುವ ಒಬ್ಬ ಅಧಿಕಾರಿಯಿದ್ದಾರೆ, ಒಳ್ಳೆಯ ಹೆಂಗಸು. ನಿಧಾನ ಅಂತ ಮೊದಲೇ ಹೇಳಿದರು.

ಹೋದ ವಾರ ಡ್ಯೂಟಿ ಇರಲಿಲ್ಲ. ಬಸ್ ಹತ್ತಿ ಆ ಆಶ್ರಮ ಇದ್ದ ಊರಿಗೆ ಹೋದೆ. ಕಟ್ಟಡ ಇಲ್ಲ, ಒಂದೇ ಥರದ ಮನೆಗಳು ಎದ್ದಿವೆ. ಮಕ್ಕಳು ಸೈಕಲ್ ಬಿಡುತ್ತಿದ್ದರು. ಹಿಂದುಗಡೆ ಕಂಪೌಂಡ್ ಮೂಲೆಯಲ್ಲಿ ಚಿಕ್ಕ ಜಾಗಕ್ಕೆ ಬೇಲಿ ಹಾಕಿದ್ದಾರೆ. ಒಂದು ಕಲ್ಲಿನ ಮೇಲೆ ಹೆಸರುಗಳು, ಪಕ್ಕದಲ್ಲಿ ವಯಸ್ಸು. ಮೂರು ವಾರ. ಐದು ತಿಂಗಳು. ಒಂದು ವರ್ಷ. ಆಶ್ರಮದಲ್ಲಿ ಬದುಕಿ ಉಳಿಯದ ಮಕ್ಕಳನ್ನು ಇಲ್ಲೇ ಹೂತಿದ್ದಾರೆ ಅಂತ ಅಲ್ಲಿ ಹುಲ್ಲು ಕೊಯ್ಯುತ್ತಿದ್ದ ಹೆಂಗಸು ಹೇಳಿದಳು. ಊರಿನವರೇ ಕೂಡಿ ಹಳೆಯ ರಿಜಿಸ್ಟರ್‌ಗಳಿಂದ ಹೆಸರು ಹುಡುಕಿ ಬರೆಸಿದರಂತೆ. "ಸುಮ್ಮನೆ ಯಾಕೆ ಕೆದಕುತ್ತೀರಿ ಅಂದವರು ಬೇಕಾದಷ್ಟು ಜನ. ಕೆದಕಿದೆವು" ಅಂದಳು.

ಬ್ರೀಡ್ ಅನ್ನುವ ಹೆಸರು ಎರಡು ಕಡೆ ಇತ್ತು. ಇಸವಿ ಬೇರೆ. ಆದರೂ ಎರಡು ಕಡೆಯೂ ಇಸವಿಯನ್ನು ಮತ್ತೊಮ್ಮೆ ಓದಿದೆ.

ಈಗ ಒಂದು ಕೆಲಸ ಮಾಡು. ಬರುವ ಸುದ್ದಿ ಕೆಟ್ಟದ್ದೂ ಆಗಿರಬಹುದು. ಮಗಳು ಬದುಕಿಲ್ಲದೆ ಇರಬಹುದು, ಇದ್ದರೂ ತಾಯಿಯ ಮುಖ ನೋಡುವುದಿಲ್ಲ ಅನ್ನಬಹುದು. ಆಗಲೂ ತಿಳಿಸಬೇಕಾ ಅಂತ ಅವರನ್ನೇ ಕೇಳು. ನೇರವಾಗಿ ಕೇಳು. ಅವರ ಪರವಾಗಿ ನೀನು ತೀರ್ಮಾನ ಮಾಡಬೇಡ.

ಡೆಲ್ಫಿನ್


ದುಬೈ
ಜುಲೈ 7, 2024

ಡೆಲ್ಫಿ,

ಕೇಳಿದೆ. ಅವರು ಒಂದು ಗಳಿಗೆಯೂ ತಡ ಮಾಡಲಿಲ್ಲ. "ಸತ್ತಿದ್ದರೆ ಎಲ್ಲಿ ಅಂತ ಬೇಕು. ನನ್ನನ್ನು ಬೈದರೆ ಏನಂತ ಬೈದಳು ಅಂತ ಬೇಕು" ಅಂದರು. ಆಮೇಲೆ, "ನನಗೆ ಇಷ್ಟು ಬೇಕು ಅಂದಮೇಲೆ ಡೆಕ್ಲನ್‌ಗೆ ಮುಚ್ಚಿಡುವ ಅಧಿಕಾರ ನನಗೆಲ್ಲಿದೆ?" ಅಂತ ಅವರೇ ಹೇಳಿ, ಶುಕ್ರವಾರ ಮಧ್ಯಾಹ್ನ ಊಟದ ಮೇಜಿನಲ್ಲಿ ಮಗನಿಗೆ ಎಲ್ಲ ಹೇಳಿದರು. ನಾನು ಅಲ್ಲೇ ಇದ್ದೆ, ಎದ್ದು ಹೋಗಲು ಬಿಡಲಿಲ್ಲ.

ಅವನು ತಾಯಿಗೆ ಎದುರಾಡಲಿಲ್ಲ. ನನ್ನನ್ನು ಅಡುಗೆಮನೆಗೆ ಕರೆದ. "ಐವತ್ತು ವರ್ಷ ನಾನೇ ಅಮ್ಮನ ಮೊದಲ ಮಗು ಅಂತ ಇದ್ದೆ. ನೀನು ಬಂದು ಇದನ್ನೆಲ್ಲ ಎಬ್ಬಿಸಿದೆ" ಅಂದ. ಅರ್ಜಿ ವಾಪಸ್ ತೆಗೆಯಲು ಅವರನ್ನು ಒಪ್ಪಿಸಿದರೆ ಕೆಲಸ ಇರುತ್ತದಂತೆ. ಇಲ್ಲದಿದ್ದರೆ ಏಜೆನ್ಸಿಗೆ ಹೇಳಿ ಬೇರೆ ನರ್ಸನ್ನು ಕರೆಸುತ್ತಾನಂತೆ. ಕೊನೆಗೆ ಹೇಳಿದ: "ಅಮ್ಮನಿಗೆ ಈ ವಯಸ್ಸಿನಲ್ಲಿ ಇದನ್ನು ತಡೆಯಲಿಕ್ಕಾಗುವುದಿಲ್ಲ. ಅವಳ ಒಳ್ಳೆಯದಕ್ಕೇ ಹೇಳುತ್ತಿದ್ದೇನೆ."

ಅದೇ ಮಾತು, ಡೆಲ್ಫಿ. ಎರಡು ವರ್ಷದಿಂದ ನಾನು ಹೇಳಿಕೊಂಡು ಬಂದದ್ದು. ಬೇರೆಯವರ ಬಾಯಲ್ಲಿ ಕೇಳುವಾಗ ಅದು ಹೇಗೆ ಕೇಳಿಸುತ್ತದೆ ಅಂತ ಆವತ್ತು ತಿಳಿಯಿತು. "ಅರ್ಜಿ ಅವರದು ಸರ್. ವಾಪಸ್ ತೆಗೆಯಿರಿ ಅಂತ ನಾನು ಹೇಳುವುದಿಲ್ಲ" ಅಂದೆ. ಶನಿವಾರ ನನ್ನ ಬ್ಯಾಗು ತೆಗೆದುಕೊಂಡು ಬಂದೆ. ಮುನೀರಾಳ ಮನೆಯಲ್ಲಿದ್ದೇನೆ. ಕೆಲಸ ಹುಡುಕುತ್ತಿದ್ದೇನೆ, ಅದರ ಚಿಂತೆ ನಿನಗೆ ಬೇಡ.

ಈಗ ಆವತ್ತು ಬರೆಯದೆ ಬಿಟ್ಟದ್ದು. ನಿನ್ನ ಪರೀಕ್ಷೆಗೆ ತೊಂದರೆಯಾಗಬಾರದು ಅಂತ ಹೇಳಲಿಲ್ಲ ಅಂತ ನಿನಗೆ ಗೊತ್ತು. ಅಷ್ಟು ಮಾತ್ರ ನಿನಗೆ ಗೊತ್ತು. ಪಪ್ಪಾ ನಿನ್ನನ್ನು ಕೇಳಿದರು. ಒಂದೆರಡು ಸಲ ಅಲ್ಲ, ದಿನವೂ ಕೇಳಿದರು. ಡೆಲ್ಫಿಗೆ ತಿಳಿಸಿದೆಯಾ ಅಂತ. ತಿಳಿಸಿದ್ದೇನೆ ಅಂದೆ. ಯಾವಾಗ ಬರುತ್ತಾಳೆ ಅಂದರು. ಟಿಕೆಟ್ ಸಿಗುತ್ತಿಲ್ಲ ಅಂದೆ. ಕೊನೆಯ ಎರಡು ದಿನ ಕೇಳುವುದನ್ನು ಬಿಟ್ಟರು. ನಿನಗೆ ಗೊತ್ತಿದ್ದೂ ಬರಲಿಲ್ಲ ಅಂತ ತಿಳಿದುಕೊಂಡೇ ನಿನ್ನ ಪಪ್ಪಾ ಹೋದರು. ಹಾಗೆ ಮಾಡಿದವಳು ನಾನು.

ಇದನ್ನು ಪಾದ್ರಿಯವರ ಹತ್ತಿರ ಹೇಳಿದ್ದೇನೆ. ಅವರ ಹತ್ತಿರ ಹೇಳಿದ್ದು ಸುಲಭ ಆಗಿತ್ತು.

ಫೆಲ್ಸಿ


ದುಬೈ
ಅಕ್ಟೋಬರ್ 13, 2024

ಡೆಲ್ಫಿ,

ಮೂರು ತಿಂಗಳಾಯಿತು. ನಿನ್ನ ಉತ್ತರ ಇಲ್ಲ, ನಾನು ಕೇಳುವುದೂ ಇಲ್ಲ. ಇದು ನೂಲಾ ಮ್ಯಾಡಂ ಅವರ ವಿಷಯ.

ನನಗೆ ದುಬೈ ಇನ್ವೆಸ್ಟ್‌ಮೆಂಟ್ಸ್ ಪಾರ್ಕ್‌ನಲ್ಲಿ ಫ್ಯಾಕ್ಟರಿ ಕೆಲಸಗಾರರ ಕ್ಲಿನಿಕ್‌ನಲ್ಲಿ ಕೆಲಸ ಸಿಕ್ಕಿದೆ. ಇಡೀ ದಿನ ಕೈ ಕೊಯ್ದುಕೊಂಡವರು, ಬೆನ್ನು ಹಿಡಿದುಕೊಂಡವರು. ಭಾನುವಾರ ರಜೆ. ಆ ಮನೆ ಬಿಟ್ಟ ಮೇಲೆ ಮೊದಲ ಭಾನುವಾರ ಪೂಜೆ ಮುಗಿಸಿ ಹೊರಗೆ ಬಂದರೆ ಬೆಂಚಿನಲ್ಲಿ ಅವರು. ಕೈಯಲ್ಲಿ ಬಿಳಿ ಕೋಲು. ಒಬ್ಬರೇ ಟ್ಯಾಕ್ಸಿಯಲ್ಲಿ ಬಂದಿದ್ದರು. "ಕೆಲಸ ತೆಗೆಯಬಹುದು, ಭಾನುವಾರ ತೆಗೆಯಲಿಕ್ಕಾಗುವುದಿಲ್ಲ" ಅಂದರು. ಅಂದಿನಿಂದ ಒಂದು ವಾರವೂ ತಪ್ಪಿಸಿಲ್ಲ. ಆಫೀಸಿನವರಿಗೆ ಕೊಟ್ಟದ್ದು ನನ್ನ ನಂಬರು, ಹಾಗಾಗಿ ಸುದ್ದಿ ನನಗೇ ಬರುತ್ತದೆ.

ಮಗಳು ಸಿಕ್ಕಿದ್ದಾಳೆ. ಸಾಕಿದವರು ಇಟ್ಟ ಹೆಸರು ಜೋನ್. ಲಿಮೆರಿಕ್‌ನಲ್ಲಿದ್ದಾಳೆ, ಶಾಲೆಯ ಬಸ್ ಓಡಿಸುತ್ತಾಳೆ. 1991ರಲ್ಲಿ ಅವಳೇ ತಾಯಿಯನ್ನು ಹುಡುಕಿಕೊಂಡು ಹೋಗಿದ್ದಳಂತೆ. ದಾಖಲೆ ಇಲ್ಲ ಅಂತ ಕಳಿಸಿಬಿಟ್ಟರಂತೆ. ಆಗ ನೂಲಾ ಮ್ಯಾಡಂ ಇದ್ದದ್ದು ಅಲ್ಲಿಂದ ಬಸ್ಸಿನಲ್ಲಿ ಎರಡು ಗಂಟೆಯ ದಾರಿಯಲ್ಲಿ.

ಮೂರು ಸಾಲಿನ ಪತ್ರ, ಒಂದು ಫೋಟೋ ಬಂತು. ಒಮ್ಮೆ ಭೇಟಿಯಾಗುತ್ತೇನೆ, ಅಧಿಕಾರಿ ಎದುರಿಗಿರಬೇಕು, ಮುಂದಿನದು ಈಗ ಹೇಳಲಾರೆ ಅಂತ. ಫೋಟೋದಲ್ಲಿ ಹೇಗಿದ್ದಾಳೆ ಅಂತ ಕೇಳಿದರು. ಮೂಗು ನಿಮ್ಮದೇ ಅಂದೆ. "ಮೂಗು ಬಿಡು. ಮುಖದಲ್ಲಿ ಸಿಟ್ಟು ಉಂಟಾ?" ನಾನು ಸರಿಯಾಗಿ ನೋಡಿ, "ಉಂಟು" ಅಂದೆ. "ಒಳ್ಳೆಯದು. ಸಿಟ್ಟು ಇಲ್ಲದಿದ್ದರೆ ಇವಳು ನನ್ನ ಮಗಳಾ ಅಂತ ಸಂಶಯ ಬರುತ್ತಿತ್ತು" ಅಂದರು.

ನವೆಂಬರ್ 14ಕ್ಕೆ ಡಬ್ಲಿನ್‌ಗೆ ಟಿಕೆಟ್ ತೆಗೆದಿದ್ದಾರೆ. ಡೆಕ್ಲನ್ ಹೋಗಬೇಡ ಅಂದ, ಜೊತೆಗೆ ಬರುವುದೂ ಇಲ್ಲ ಅಂದ. ನನಗೆ ವೀಸಾ ಅಷ್ಟರೊಳಗೆ ಆಗುವುದಿಲ್ಲ. ವಿಮಾನದವರು ವೀಲ್‌ಚೇರ್‌ನಲ್ಲಿ ಹೊರಗಿನ ತನಕ ಕರೆತರುತ್ತಾರೆ. ಆಮೇಲೆ ಯಾರಾದರೂ ಬೇಕು.

ನನ್ನ ಮಗಳು ಬರುತ್ತಾಳೆ ಅಂತ ಅವರಿಗೆ ಹೇಳಿಲ್ಲ. ಕೇಳಿ ಬರೆಯುತ್ತೇನೆ, ಬರುತ್ತಾಳೋ ಗೊತ್ತಿಲ್ಲ ಅಂತಲೇ ಹೇಳಿದ್ದೇನೆ. ಬರುವುದಿಲ್ಲ ಅಂತಾದರೆ ಒಂದು ಸಾಲು ಬರಿ, ಬೇರೆ ದಾರಿ ಹುಡುಕುತ್ತೇನೆ.

ಫೆಲ್ಸಿ


ಗಾಲ್ವೆ
ನವೆಂಬರ್ 24, 2024

ಮಮ್ಮಿ,

ಬರುತ್ತೇನೆ ಎಂದು ನಿನ್ನ ಫೋನಿಗೆ ಒಂದು ಮೆಸೇಜ್ ಮಾತ್ರ ಹಾಕಿದ್ದೆ. ಉಳಿದದ್ದು ಈಗ.

ಡಬ್ಲಿನ್‌ನಲ್ಲಿ ಅವರು ಹೊರಗೆ ಬರುವಾಗ ವೀಲ್‌ಚೇರ್ ಖಾಲಿ ಇತ್ತು. ತಳ್ಳುವವನು ಹಿಂದೆ, ಇವರು ಮುಂದೆ, ಕೋಲು ಹಿಡಿದು. ನನ್ನ ಮುಖದ ಹತ್ತಿರ ಮುಖ ತಂದು ನೋಡಿ, "ಫೆಲ್ಸಿಯ ಗದ್ದ" ಅಂದರು. ಅಲ್ಲಿಂದ ಲಿಮೆರಿಕ್‌ಗೆ ರೈಲಿನಲ್ಲಿ ಹೋದೆವು.

ಭೇಟಿ ಮಾರನೇ ದಿನ ಬೆಳಿಗ್ಗೆ, ಅಧಿಕಾರಿಯ ಕೋಣೆಯಲ್ಲಿ. ಜೋನ್ ಎತ್ತರದ ಹೆಂಗಸು, ಡ್ಯೂಟಿಯ ಜಾಕೆಟ್‌ನಲ್ಲೇ ಬಂದಿದ್ದಳು. ಕೈ ಕೊಡಲಿಲ್ಲ. ಕೂತು, "ನನಗೊಂದು ವಿಷಯ ತಿಳಿಯಬೇಕು. ನಾನು ನಗುತ್ತ ಬಂದೆ ಅಂತ ಸಾಕಿದ ಮನೆಯವರು ಹೇಳುತ್ತಿದ್ದರು. ನಿಜವಾ?" ಅಂದಳು.

ನೂಲಾ ಅಜ್ಜಿಯ ಪಕ್ಕದಲ್ಲಿದ್ದೆ ನಾನು. ಹೌದು ಅಂದುಬಿಡಬಾರದಾ ಅಂತ ಒಮ್ಮೆ ನನಗೇ ಅನಿಸಿತು. "ಇಲ್ಲ. ನೀನು ಕೂಗಿ ಕೂಗಿ ಅಳುತ್ತಿದ್ದೆ. ಕೆಳಗಿನ ಮೆಟ್ಟಿಲಿನ ತನಕ ಕೇಳಿಸಿತು. ಆಮೇಲೆ ಬಾಗಿಲು ಹಾಕಿದರು" ಅಂದರು ಅಜ್ಜಿ.

ಜೋನ್ ಜಾಕೆಟ್ಟಿನ ಜಿಪ್ಪನ್ನು ಮೇಲೆ ಕೆಳಗೆ ಎಳೆದಳು. "ನನಗೆ ಗೊತ್ತಿತ್ತು. ಯಾವ ಮಗುವೂ ನಗುತ್ತ ಹೋಗುವುದಿಲ್ಲ" ಅಂದಳು. ಎದ್ದು ಬಂದು ಇವರ ಕುರ್ಚಿಯ ಹತ್ತಿರ ನೆಲದ ಮೇಲೆ ಕೂತಳು. ಅಜ್ಜಿ ಅವಳ ಎಡಗಿವಿಯ ಹಿಂದೆ ಬೆರಳಿಟ್ಟರು. ನಾನೂ ಅಧಿಕಾರಿಯೂ ಹೊರಗೆ ಬಂದೆವು. ಮಧ್ಯಾಹ್ನದ ತನಕ ಬಾಗಿಲು ತೆರೆಯಲಿಲ್ಲ. ಈಗ ಜೋನ್‌ಳ ಮನೆಯಲ್ಲಿದ್ದಾರೆ. ಇಬ್ಬರಿಗೂ ಜಗಳ ಆಗುತ್ತದಂತೆ. ಕ್ರಿಸ್‌ಮಸ್ ಮುಗಿಸಿ ವಾಪಸ್ಸು. ಡೆಕ್ಲನ್ ಫೋನ್ ಮಾಡಿ ಅಕ್ಕನ ಹೆಸರು ಕೇಳಿದ, ಬರೆದುಕೊಂಡ, ಇಟ್ಟುಬಿಟ್ಟ. ಅಷ್ಟು ಆಗಿದೆ.

ನಿನ್ನ ಜುಲೈ ತಿಂಗಳ ಪತ್ರವನ್ನು ಡ್ಯೂಟಿಯ ಬ್ಯಾಗಿನಲ್ಲೇ ಇಟ್ಟುಕೊಂಡಿದ್ದೆ. ಬರೆಯಲು ಕೂತಾಗಲೆಲ್ಲ ಬರೀ ಬೈಗುಳ ಬಂತು, ಹರಿದೆ. ಪಪ್ಪಾ ನನ್ನನ್ನು ಹಾಗೆ ತಿಳಿದುಕೊಂಡು ಹೋದದ್ದನ್ನು ನಾನು ಮನ್ನಿಸಿದ್ದೇನೆ ಅಂತ ಬರೆಯಲು ಆಗುವುದಿಲ್ಲ. ಮನ್ನಿಸಿಲ್ಲ. ಆದರೆ ಆ ಕೋಣೆಯ ಹೊರಗೆ ಕೂತಿದ್ದಾಗ ಒಂದು ತೀರ್ಮಾನ ಮಾಡಿದೆ. ನನಗೂ ಪೂರ್ತಿ ಬೇಕು. ಆ ಹನ್ನೊಂದು ದಿನ ಒಂದೊಂದೂ. ಏನು ತಿಂದರು, ಏನು ಹೇಳಿದರು, ನೀನು ಏನು ಹೇಳಿದೆ. ನನಗೆ ನೋವಾಗುತ್ತದೆ ಅಂತ ಒಂದನ್ನೂ ಬಿಡಬಾರದು. ಜನವರಿಯಲ್ಲಿ ರಜೆ ಕೇಳಿದ್ದೇನೆ. ದುಬೈಗೆ ಬರುತ್ತೇನೆ. ಎದುರಿಗೆ ಕೂತು ಹೇಳು.

ಡೆಲ್ಫಿ


ದುಬೈ
ಡಿಸೆಂಬರ್ 15, 2024

ಪ್ರೀತಿಯ ಡೆಲ್ಫಿ,

ಎದುರಿಗೆ ಕೂತರೆ ನಿನ್ನ ಮುಖ ನೋಡಿ ನಾನು ಏನನ್ನಾದರೂ ಬಿಟ್ಟುಬಿಡುತ್ತೇನೆ. ನನ್ನನ್ನು ನಾನು ಬಲ್ಲೆ. ಅದಕ್ಕೆ ಹನ್ನೊಂದು ದಿನದ್ದನ್ನೂ ಬರೆದು ಇದರ ಜೊತೆಗೆ ಇಟ್ಟಿದ್ದೇನೆ, ಹದಿನಾಲ್ಕು ಹಾಳೆ. ಎರಡು ಭಾನುವಾರ ಹಿಡಿಯಿತು. ನನಗೆ ಒಳ್ಳೆಯ ಹೆಸರು ತರುವ ಹಾಗೆ ಬರೆದ ಸಾಲುಗಳನ್ನು ಆಮೇಲೆ ಹೊಡೆದುಹಾಕಿದ್ದೇನೆ. ಓದಿದ ಮೇಲೆಯೂ ಬರಬೇಕು ಅನಿಸಿದರೆ ಬಾ. ಅನಿಸದಿದ್ದರೂ ಹಾಳೆಗಳು ನಿನ್ನವು.

ಮೊದಲನೆಯದು ಇಲ್ಲೇ ಶುರು.

2022 ನವೆಂಬರ್ ಎಂಟು, ಮಂಗಳವಾರ. ಬೆಳಿಗ್ಗೆ ಪಪ್ಪಾ ಹೋಟೆಲಿನ ಅಡುಗೆಮನೆಯಲ್ಲಿ ಕುಸಿದರು. ಸ್ಟಾಫ್ ವ್ಯಾನಿನಲ್ಲಿ ಆಸ್ಪತ್ರೆಗೆ ತಂದರು. ನಾನು ಹೋಗುವಾಗ ಎಚ್ಚರ ಇತ್ತು, ಏಪ್ರನ್ ಇನ್ನೂ ಕಟ್ಟಿಕೊಂಡೇ ಇದ್ದರು. ಡಾಕ್ಟರ್ ನನ್ನನ್ನು ಹೊರಗೆ ಕರೆದು, ಹೆಚ್ಚು ದಿನ ಇಲ್ಲ, ಮಕ್ಕಳಿದ್ದರೆ ಕರೆಸಿ ಅಂದರು. ಒಳಗೆ ಬಂದೆ. ಪಪ್ಪಾ ನನ್ನ ಮುಖ ನೋಡಿ, "ಡೆಲ್ಫಿಗೆ ಫೋನ್ ಮಾಡು" ಅಂದರು. ಇಲ್ಲಿ ಹನ್ನೆರಡು ಗಂಟೆ, ನಿನಗಲ್ಲಿ ಬೆಳಿಗ್ಗೆ ಎಂಟು. ಫೋನ್ ನನ್ನ ಕೈಯಲ್ಲೇ ಇತ್ತು. ನೀನು ಎದ್ದಿರುತ್ತೀ ಅಂತ ನನಗೆ ಗೊತ್ತಿತ್ತು. ಫೋನನ್ನು ಪರ್ಸಿನಲ್ಲಿ ಹಾಕಿದೆ.

ನಿನ್ನ ಮಮ್ಮಿ